ಬಳಕುವ ಆಯುಧಗಳು: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಕವಣಿ, ಚಾಟಿ, ಸರಪಳಿ

ಹಿಡಿಯುವ ಕೈಗೂ ಹೊಡೆಯುವ ತುದಿಗೂ ನಡುವೆ ಗಟ್ಟಿ ಕಾವು ಇಲ್ಲದೆ, ಹಗ್ಗ, ಬಾರು, ಕಬ್ಬಿಣದ ಕೊಂಡಿ ಅಥವಾ ತೆಳುವಾದ ಉಕ್ಕಿನ ಪಟ್ಟಿಯ ಬಲದಿಂದ ಕೆಲಸ ಮಾಡುವ ಆಯುಧಗಳಿಗೆ ಬಳಕುವ ಆಯುಧಗಳು ಎನ್ನಬಹುದು. ಕವಣೆ, ಚಾಟಿ, ಬಾರುಕೋಲು, ಪಾಶ, ಸರಪಳಿ, ಕೇರಳದ ಕಳರಿಗಳಲ್ಲಿ ಉಳಿದಿರುವ ಉರುಮಿ ಎಂಬ ಬಳಕುವ ಕತ್ತಿ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಜಪಾನಿನಲ್ಲಿ ಕುಡುಗೋಲಿಗೆ ಸರಪಳಿ ಕಟ್ಟಿದ ಕುಸರಿಗಾಮ, ಯುರೋಪಿನಲ್ಲಿ ಕೋಲಿನ ತುದಿಗೆ ಸರಪಳಿಯಿಂದ ಗುಂಡು ಕಟ್ಟಿದ ಬಡಿಗೆ ಇವುಗಳ ದೂರದ ಬಂಧುಗಳು. ಕತ್ತಿಯ ಏಟು ಬಿದ್ದಲ್ಲೇ ನಿಲ್ಲುತ್ತದೆ. ಬಳಕುವ ಆಯುಧದ ತುದಿ ಏಟಿನ ಬಳಿಕವೂ ಚಲಿಸುತ್ತಲೇ ಇರುತ್ತದೆ, ಬೀಸಿದವನ ಕಡೆಗೇ ತಿರುಗಿ ಬರಬಲ್ಲದು. ಆದ್ದರಿಂದಲೇ ಇದನ್ನು ಹಿಡಿಯುವವರಿಗೆ ವರ್ಷಗಟ್ಟಲೆ ರೂಢಿ ಬೇಕು.

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬ್ ಶತಮಾನಗಳ ಕಾಲ ರಣಭೂಮಿಯಾಗಿತ್ತು. ಚೋಳ ರಾಜೇಂದ್ರನೂ ಚಾಲುಕ್ಯ ಜಯಸಿಂಹನೂ ಕಾದಾಡಿದ ಮುಸಂಗಿ ಇಂದಿನ ಮಸ್ಕಿಯೇ ಎಂದು ಗುರುತಿಸುವ ಇತಿಹಾಸಕಾರರಿದ್ದಾರೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲ ಕೋಟೆಗಾಗಿ ಬಹಮನಿಗಳೂ ವಿಜಯನಗರದವರೂ ಆದಿಲ್‌ಶಾಹಿಗಳೂ ಸರದಿಯಂತೆ ಸೆಣಸಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದ. ಅಂದಿನ ಕತ್ತಿ, ಈಟಿ, ಫಿರಂಗಿಗಳು ಈಗ ವಸ್ತುಸಂಗ್ರಹಾಲಯಗಳಲ್ಲಿವೆ, ಇಲ್ಲವೇ ಕೋಟೆಯ ಬುರುಜಿನ ಮೇಲೆ ತುಕ್ಕು ಹಿಡಿದು ಕೂತಿವೆ. ಬಳಕುವ ಆಯುಧಗಳ ಕಥೆ ಬೇರೆ. ಅವು ಹೊಲ ಕಾಯುವವರ, ದನ ಕುರಿ ಮೇಯಿಸುವವರ, ದೇವರ ಹೆಸರಿನಲ್ಲಿ ಊರೂರು ತಿರುಗುವವರ ಕೈಯಲ್ಲಿ ಉಳಿದುಕೊಂಡವು. ಈ ಸೀಮೆಯಲ್ಲಿ ಅವುಗಳ ಮುಖ್ಯ ಕೆಲಸ ಕೊಲ್ಲುವುದಲ್ಲ. ಹಕ್ಕಿ, ದನ, ಗುಂಪು, ಪಿಡುಗು ಹೀಗೆ ಏನನ್ನಾದರೂ ದೂರ ಇಡುವುದು. ಈ ಲೇಖನ ಆ ಬಳಕೆಯನ್ನೇ ಮುಖ್ಯವಾಗಿ ನೋಡುತ್ತದೆ.

ಕವಣಿ

ಬಳಕುವ ಆಯುಧಗಳಲ್ಲಿ ಅತಿ ಹಳೆಯದೂ ಅತಿ ಸರಳವಾದದ್ದೂ ಕವಣೆ. ಈ ಕಡೆಯವರ ಬಾಯಲ್ಲಿ ಕವಣಿ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ 1950ರ ದಶಕದ ಆರಂಭದಲ್ಲಿ ಎಫ್.ಆರ್. ಆಲ್ಚಿನ್ ನಡೆಸಿದ ಉತ್ಖನನ ನವಶಿಲಾಯುಗದ ದನಗಾಹಿಗಳ ನೆಲೆಯೊಂದನ್ನು ಬೆಳಕಿಗೆ ತಂದಿತು. ಅಲ್ಲಿನ ಬಂಡೆಗಳ ಮೇಲೆ ಗೂಳಿಗಳ ಚಿತ್ರಗಳಿವೆ. ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಅಗೆಸಿದಾಗ ನವಶಿಲಾ-ತಾಮ್ರಶಿಲಾ ಕಾಲದಿಂದ ಬೃಹತ್ ಶಿಲಾ ಸಮಾಧಿಗಳ ಕಾಲದವರೆಗೆ, ಅಂದರೆ ಕಲ್ಲಿನಿಂದ ಕಬ್ಬಿಣದವರೆಗೆ, ಪದರ ಪದರವಾಗಿ ವಸತಿಯ ಕುರುಹುಗಳು ಸಿಕ್ಕವು. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಅಶೋಕನ ಶಾಸನ ಕಂಡ ಊರು ಇದೇ. ದಖನ್ನಿನ ನವಶಿಲಾಯುಗದ ನೆಲೆಗಳಲ್ಲಿ ಸಿಗುವ, ಕೈಯಿಂದ ದುಂಡಗೆ ಮಾಡಿದ ಕಲ್ಲುಗಳಲ್ಲಿ ಕೆಲವನ್ನು ಪುರಾತತ್ತ್ವಜ್ಞರು ಕವಣೆ ಕಲ್ಲುಗಳೆಂದೇ ಪಟ್ಟಿ ಮಾಡುತ್ತಾರೆ. ಹಗ್ಗ ಮಣ್ಣಲ್ಲಿ ಕರಗುತ್ತದೆ, ಕಲ್ಲು ಉಳಿಯುತ್ತದೆ. ಹಾಗಾಗಿ ಕವಣೆಯ ಇತಿಹಾಸವನ್ನು ಅರ್ಧ ಸಾಕ್ಷ್ಯದಿಂದಲೇ ಬರೆಯಬೇಕಾಗಿದೆ. ದನ ಸಾಕಿದವರಿಗೆ ಹಿಂಡು ತಪ್ಪಿದ ಹಸುವನ್ನು ಎದ್ದು ಹೋಗದೆ ಹಿಂದಿರುಗಿಸಲು, ಕಿರುಬ ತೋಳಗಳನ್ನು ಬೆದರಿಸಲು ಇದಕ್ಕಿಂತ ಅಗ್ಗದ ಸಾಧನ ಮತ್ತೊಂದಿಲ್ಲ ಎಂಬುದಂತೂ ಯಾವ ಕಾಲಕ್ಕೂ ನಿಜ.

ಕವಣಿಯ ರಚನೆ ಹೀಗಿರುತ್ತದೆ. ನಡುವೆ ಅಂಗೈಯಗಲದ ಹೆಣಿಗೆ ಅಥವಾ ತೊಗಲಿನ ತುಂಡು. ಕಲ್ಲು ಕೂರುವುದು ಅಲ್ಲಿ. ಅದರ ಎರಡೂ ಕಡೆ ತೋಳುದ್ದದ ಹುರಿ. ಒಂದು ಹುರಿಯ ಕೊನೆಯಲ್ಲಿ ಬೆರಳು ತೂರಿಸುವ ಕುಣಿಕೆ, ಇನ್ನೊಂದರ ಕೊನೆಯಲ್ಲಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒತ್ತಿ ಹಿಡಿಯುವ ಗಂಟು. ಹುರಿಗೆ ಒದಗುವ ನಾರುಗಳಲ್ಲಿ ಪುಂಡಿ ನಾರು ಒಳ್ಳೆಯದು. ರಾಯಚೂರು ಸೀಮೆಯ ಮನೆಮನೆಯಲ್ಲಿ ಪುಂಡಿಪಲ್ಯಕ್ಕೆ ಎಲೆ ಕೊಡುವ ಗಿಡವೇ ಕಾಂಡದಿಂದ ನಾರನ್ನೂ ಕೊಡುತ್ತದೆ. ಕಾಂಡವನ್ನು ನೀರಲ್ಲಿ ನೆನೆಹಾಕಿ, ಕೊಳೆತ ಮೇಲೆ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿ, ತೊಡೆಯ ಮೇಲೆ ಹೊಸೆದರೆ ಹುರಿ ಸಿದ್ಧ. ತಲೆಯ ಮೇಲೆ ಒಂದೆರಡು ಸುತ್ತು ತಿರುಗಿಸಿ ಗಂಟನ್ನು ಬಿಟ್ಟಾಗ ಒಂದು ಹುರಿ ಬೆರಳಲ್ಲೇ ಉಳಿಯುತ್ತದೆ, ಇನ್ನೊಂದು ಹಾರಿ ಕಲ್ಲನ್ನು ಬಿಡುಗಡೆ ಮಾಡುತ್ತದೆ. ಹುರಿಯ ಉದ್ದ ತೋಳಿನ ಉದ್ದಕ್ಕೆ ಕೂಡಿಕೊಳ್ಳುವುದರಿಂದ ಅದೇ ಭುಜಬಲದಲ್ಲಿ ಕಲ್ಲಿಗೆ ಬರಿಗೈ ಎಸೆತಕ್ಕಿಂತ ಹೆಚ್ಚು ವೇಗ ಸಿಗುತ್ತದೆ. ಪಳಗಿದ ಕೈಯ ಕಲ್ಲು 100 ಮೀಟರಿನಾಚೆಗೂ ಹೋಗುತ್ತದೆ. ಗಂಟು ಬಿಡುವ ಕ್ಷಣ ತುಸು ಮುಂಚಾದರೆ ಕಲ್ಲು ಪಕ್ಕಕ್ಕೆ, ತಡವಾದರೆ ಇನ್ನೊಂದು ಪಕ್ಕಕ್ಕೆ ಹಾರುತ್ತದೆ. ಕಲಿಯುವವರು ನಿಂತಿದ್ದಾಗ ಸುತ್ತ ಯಾರೂ ಇರಬಾರದು ಎನ್ನುವುದು ಇದಕ್ಕೇ.

ಕವಣಿಯ ನಿಜವಾದ ಹಂಗಾಮು ಹಿಂಗಾರಿ ಜೋಳದ್ದು. ಎರೆ ಹೊಲದಲ್ಲಿ ಬಿಳಿಜೋಳ ತೆನೆ ಹಿಡಿದು ಕಾಳು ಹಾಲುಗಟ್ಟುವ ದಿನಗಳಲ್ಲಿ ಗಿಳಿ, ಗುಬ್ಬಿಗಳ ಜೊತೆಗೆ ಚಳಿಗಾಲಕ್ಕೆ ದೂರದೇಶದಿಂದ ಬರುವ ಗುಲಾಬಿ ಕಬ್ಬಕ್ಕಿಗಳೂ ಹಿಂಡುಗಟ್ಟಿ ಇಳಿಯುತ್ತವೆ. ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಅಟ್ಟ ಕಟ್ಟಿ, ಅದರ ಮೇಲೆ ನಿಂತು ಬೆಳಗಿನ ಹೊತ್ತು, ಮತ್ತೆ ಸಂಜೆಯ ಹೊತ್ತು ಕವಣಿ ಬೀಸುವುದು ಮನೆಯ ಹುಡುಗರ, ಹೆಣ್ಣುಮಕ್ಕಳ, ಮುದುಕರ ಪಾಲಿನ ಕೆಲಸ. ಎರೆ ನೆಲದಲ್ಲಿ ಕಲ್ಲು ವಿರಳವಾದ್ದರಿಂದ ಒಣಗಿದ ಹೆಂಟೆಯನ್ನೂ ಇಟ್ಟು ಬೀಸುವುದುಂಟು. ಅದು ಗಾಳಿಯಲ್ಲೇ ಒಡೆದು ತೆನೆಗಳ ಮೇಲೆ ಪುಡಿಯಾಗಿ ಉದುರುತ್ತದೆ, ಹಕ್ಕಿ ಏಳುತ್ತದೆ, ದಂಟು ಮುರಿಯುವುದಿಲ್ಲ. ಇಲ್ಲಿ ಗುರಿ ಹಕ್ಕಿಯಲ್ಲ, ಹಕ್ಕಿ ಕೂತ ಜಾಗ. ಎದ್ದ ಹಿಂಡು ಪಕ್ಕದ ಹೊಲಕ್ಕೆ ಹೋಗುತ್ತದೆ, ಅಲ್ಲಿಂದ ಅಲ್ಲಿನವರು ಎಬ್ಬಿಸುತ್ತಾರೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಭತ್ತದ ನಾಡಾಯಿತು. ಕಾಲುವೆಯ ಗುಂಟ ಕ್ಯಾಂಪುಗಳು ಎದ್ದವು, ರೈಸ್ ಮಿಲ್ಲುಗಳು ಬಂದವು. ಕೆಸರು ಗದ್ದೆಯ ನಡುವೆ ಅಟ್ಟ ಕಟ್ಟಿ ಕವಣಿ ಬೀಸುವ ರೂಢಿ ಬೆಳೆಯಲಿಲ್ಲ. ಗದ್ದೆಗಳಲ್ಲಿ ಗಾಳಿಗೆ ಗುಂಯ್‌ಗುಡುವ ಹೊಳಪಿನ ಟೇಪು, ಪಟಾಕಿ ಆ ಕೆಲಸ ಮಾಡುತ್ತವೆ. ಕಾಲುವೆ ತಲುಪದ ಲಿಂಗಸುಗೂರು, ಮಸ್ಕಿ ಕಡೆಯ ಒಣಬೇಸಾಯದ ಜೋಳದ ಹೊಲಗಳೇ ಕವಣಿಗೆ ಉಳಿದಿರುವ ಆಸರೆ. ನೀರಾವರಿಯ ನಕ್ಷೆಯನ್ನೂ ಕವಣಿಯ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಒಂದು ಇರುವಲ್ಲಿ ಇನ್ನೊಂದು ಕಡಿಮೆ. ಇದನ್ನು ಊರೂರಿಗೆ ಹೋಗಿ ದಾಖಲಿಸುವ ಕೆಲಸ ಆಗಲೇಬೇಕು. ಹೆಣೆಯಬಲ್ಲ ಕೈಗಳು ಮುದಿಯಾಗುತ್ತಿವೆ.

ಚಾಟಿ ಮತ್ತು ಬಾರುಕೋಲು

ಎತ್ತು ಹೊಡೆಯುವ ಬಾರುಕೋಲು ಎಲ್ಲರಿಗೂ ಗೊತ್ತಿರುವ ವಸ್ತು: ಬೆತ್ತ ಅಥವಾ ಬಿದಿರಿನ ಕೋಲು, ತುದಿಗೆ ತೊಗಲಿನ ಬಾರು. ಒಳ್ಳೆಯ ಒಕ್ಕಲಿಗ ಅದನ್ನು ಎತ್ತಿನ ಮೈಗೆ ತಾಕಿಸುವುದು ಕಡಿಮೆ. ಗಾಳಿಯಲ್ಲಿ ಬೀಸಿದ ಸಪ್ಪಳವೇ ಸಾಕು. ಟ್ರ್ಯಾಕ್ಟರ್ ಬಂದ ಮೇಲೆ ಹೊಲದಲ್ಲಿ ಅದರ ಕೆಲಸ ಇಳಿದಿದೆ. ಆದರೆ ರೈತ ಸಂಘಟನೆಗಳು ಬಾರುಕೋಲು ಚಳವಳಿ ಎಂಬ ಹೆಸರಿನಲ್ಲಿ ಅದನ್ನು ಹಸಿರು ಶಾಲಿನ ಜೊತೆ ಬೀದಿಗೆ ತಂದಿವೆ.

ಚಾಟಿಯ ಜಗತ್ತು ಇನ್ನೂ ಗಾಢವಾದದ್ದು. ದುರುಗಮುರಗಿ ಎಂದು ಕರೆಯಲಾಗುವ ಅಲೆಮಾರಿ ಸಮುದಾಯದವರು ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಊರುಗಳಿಗೆ ದೇವಿಯನ್ನು ಹೊತ್ತು ಬರುತ್ತಾರೆ. ಹೆಣ್ಣುಮಗಳ ತಲೆಯ ಮೇಲೆ ದೇವಿಯ ಪೆಟ್ಟಿಗೆ, ಕೈಯಲ್ಲಿ ಬಾಗಿದ ಕೋಲಿನಿಂದ ಉಜ್ಜಿ ಗುಂಯ್‌ಗುಡಿಸುವ ಉರುಮೆ ಎಂಬ ವಾದ್ಯ. ಗಂಡಸು ಬರಿಮೈಯಲ್ಲಿ, ಕಾಲಿಗೆ ಗೆಜ್ಜೆ ಕಟ್ಟಿ, ಉದ್ದನೆಯ ಚಾಟಿಯನ್ನು ಬೀಸುತ್ತ ಕುಣಿಯುತ್ತಾನೆ. ಈ ಚಾಟಿ ಹಿಡಿಯ ಬಳಿ ದಪ್ಪನಾಗಿದ್ದು ತುದಿಗೆ ಹೋದಂತೆ ಸಣ್ಣದಾಗುತ್ತದೆ. ಕೈಯಿಂದ ಹೊರಟ ಅಲೆ ಸಣ್ಣದಾಗುತ್ತಿರುವ ಹಗ್ಗದಲ್ಲಿ ಮುಂದೆ ಮುಂದೆ ಸಾಗಿ, ಕೊನೆಯಲ್ಲಿ ತುದಿಯ ವೇಗ ಶಬ್ದದ ವೇಗವನ್ನೇ ಮೀರುತ್ತದೆ. ಪಟಾರನೆ ಕೇಳುವ ಸದ್ದು ಅದೇ. ಚಾಟಿ ಎಲ್ಲಿಗೂ ಬಡಿಯದೆಯೂ ಆ ಸದ್ದು ಬರುತ್ತದೆ. ಆಟದ ಒಂದು ಭಾಗ ಬರೀ ಸದ್ದು, ಇನ್ನೊಂದು ಭಾಗ ನಿಜವಾದ ಏಟು. ತೋಳಿನ ಮೇಲೆ, ಬೆನ್ನಿನ ಮೇಲೆ ಬೀಳುವ ಏಟಿನ ಗುರುತುಗಳು ವರ್ಷ ಕಳೆದರೂ ಮಾಯುವುದಿಲ್ಲ. ಊರಿನ ಮೇಲೆ ಬರುವ ಬೇನೆ, ಬರ, ಪಿಡುಗನ್ನು ದೇವಿಯ ಹೆಸರಿನಲ್ಲಿ ತನ್ನ ಮೈಮೇಲೆ ತೆಗೆದುಕೊಳ್ಳುತ್ತಾನೆ ಎಂಬುದು ನಂಬಿಕೆ. ಅದಕ್ಕೆ ಪ್ರತಿಯಾಗಿ ಸಿಗುವುದು ಮೊರದಲ್ಲಿ ತಂದು ಹಾಕಿದ ಒಂದಿಷ್ಟು ಜೋಳ, ಚಿಲ್ಲರೆ ಕಾಸು. ಈ ಕಲೆಯನ್ನು ಹೊಗಳುವವರು ಆ ಬೆನ್ನನ್ನೂ ನೋಡಬೇಕು. ಆ ಮನೆಯ ಮಕ್ಕಳು ಚಾಟಿ ಬಿಟ್ಟು ಶಾಲೆಗೆ ಹೋದರೆ ಕಲೆಗೆ ನಷ್ಟವಾಯಿತೆಂದು ಮರುಗುವ ಹಕ್ಕು ನೋಡುಗರಿಗಿಲ್ಲ.

ತನ್ನ ಮೈಗೆ ತಾನೇ ಹೊಡೆದುಕೊಳ್ಳುವ ಬಳಕುವ ಆಯುಧದ ಇನ್ನೊಂದು ರೂಪ ಷಿಯಾ ಮುಸ್ಲಿಮರ ಜಂಜೀರ್: ಒಂದು ಹಿಡಿಗೆ ಗೊಂಚಲಾಗಿ ಕಟ್ಟಿದ ಕಿರು ಸರಪಳಿಗಳು, ತುದಿಯಲ್ಲಿ ಚಿಕ್ಕ ಅಲಗುಗಳು. ಕರ್ಬಲಾದಲ್ಲಿ ಮಡಿದ ಇಮಾಂ ಹುಸೇನರ ಶೋಕದಲ್ಲಿ ಇದು ಬಳಕೆಯಾಗುತ್ತದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲ ಮೊಹರಂ ನಾಡಿಗೆ ಹೆಸರಾದರೂ ಅದರ ಹೆಗ್ಗುರುತು ಜಂಜೀರ್ ಅಲ್ಲ. ಅಲಾಯಿ ಕುಣಿ, ಹೆಜ್ಜೆಕುಣಿತ, ರಿವಾಯತ್ ಪದ, ಹಿಂದೂ ಮುಸ್ಲಿಮರಿಬ್ಬರೂ ಹೊರುವ ಹರಕೆ ಅಲ್ಲಿನ ಜೀವಾಳ.

ಸರಪಳಿ

ಕಬ್ಬಿಣದ ಸರಪಳಿ ಕಮ್ಮಾರನ ಕುಲುಮೆಯ ಕಠಿಣ ಕೆಲಸಗಳಲ್ಲಿ ಒಂದು. ಸಲಾಕೆಯ ತುಂಡನ್ನು ಕೆಂಪಗೆ ಕಾಯಿಸಿ, ಅಡಿಗಲ್ಲಿನ ಮೇಲೆ ಬಗ್ಗಿಸಿ, ಎರಡೂ ತುದಿಗಳನ್ನು ಓರೆಯಾಗಿ ತಟ್ಟಿ ಒಂದರ ಮೇಲೊಂದು ಕೂರಿಸಬೇಕು. ಮುಂದಿನ ಕೊಂಡಿಯನ್ನು ಒಳಗೆ ಸೇರಿಸಿಕೊಂಡೇ ಇದನ್ನು ಮಾಡಬೇಕು. ಆಮೇಲೆ ತಿದಿಯ ಗಾಳಿಯನ್ನು ಜೋರು ಮಾಡಿ, ಕಬ್ಬಿಣ ಬಿಳುಪಿಗೆ ತಿರುಗಿ ಕಿಡಿ ಉಗುಳುವ ಹೊತ್ತಿಗೆ ಹೊರತೆಗೆದು, ಆರುವ ಮೊದಲೇ ಸುತ್ತಿಗೆಯ ಏಟು ಹಾಕಿದರೆ ಎರಡು ತುದಿ ಒಂದಾಗುತ್ತವೆ. ಬಿಸಿ ಸ್ವಲ್ಪ ಕಡಿಮೆಯಾದರೆ ಬೆಸುಗೆ ಹೊರಗಿನಿಂದ ಕೂಡಿದಂತೆ ಕಂಡು ಒಳಗೆ ಬಾಯಿ ಬಿಟ್ಟಿರುತ್ತದೆ. ಹೆಚ್ಚಾದರೆ ಕಬ್ಬಿಣವೇ ಸುಟ್ಟುಹೋಗುತ್ತದೆ. ನೂರು ಕೊಂಡಿಗಳ ಸರಪಳಿಯಲ್ಲಿ ತೊಂಬತ್ತೊಂಬತ್ತು ಸರಿಯಿದ್ದರೂ ಅದರ ಬಲ ಉಳಿದ ಒಂದರದ್ದೇ.

ಯುದ್ಧದ ಮಟ್ಟಿಗೆ ದಖನ್ನಿನಲ್ಲಿ ಸರಪಳಿ ಆನೆಯ ಆಯುಧ. 1470ರ ದಶಕದಲ್ಲಿ ಬೀದರಿನಲ್ಲಿದ್ದ ರಷ್ಯಾದ ವರ್ತಕ ಅಫನಾಸಿ ನಿಕಿತಿನ್ ಬಹಮನಿ ಸುಲ್ತಾನನ ಮೆರವಣಿಗೆಯನ್ನು ವರ್ಣಿಸುತ್ತಾನೆ. ಸುಲ್ತಾನನ ಮುಂದೆ ರೇಷ್ಮೆಯ ಜೂಲು ಹೊದ್ದ ಆನೆಯೊಂದು ನಡೆಯುತ್ತದೆ. ಅದರ ಬಾಯಲ್ಲಿ ದೊಡ್ಡ ಕಬ್ಬಿಣದ ಸರಪಳಿ. ಜನರೂ ಕುದುರೆಗಳೂ ಸುಲ್ತಾನನ ಹತ್ತಿರ ನುಗ್ಗದಂತೆ ಅದು ಸರಪಳಿಯಿಂದ ಬಡಿದು ಚದುರಿಸುತ್ತ ಸಾಗುತ್ತದೆ. ಅವನು ರಾಯಚೂರನ್ನು ವಜ್ರ ಸಿಗುವ ಊರೆಂದೂ ಬರೆದಿದ್ದಾನೆ. ಆಗ ಈ ಸೀಮೆ ಬಹಮನಿಗಳ ಕೈಯಲ್ಲಿತ್ತು. ಜೋಳದ ಅಟ್ಟದ ಮೇಲಿನ ಹುಡುಗಿಯ ಕವಣಿಗೂ ಸುಲ್ತಾನನ ಆನೆಯ ಸರಪಳಿಗೂ ಕೆಲಸ ಒಂದೇ ಎಂಬುದು ಗಮನಿಸಬೇಕಾದ ಸಂಗತಿ. ಮನುಷ್ಯ ಬರಿಗೈಯಲ್ಲಿ ಉದ್ದನೆಯ ಸರಪಳಿ ಬೀಸಿ ಕಾದಾಡುವುದು ಕಷ್ಟ: ಭಾರ ತುದಿಗೆ ಎಳೆಯುತ್ತದೆ, ತಪ್ಪಿದ ಏಟನ್ನು ತಡೆದು ನಿಲ್ಲಿಸಲಾಗುವುದಿಲ್ಲ, ಪಕ್ಕದಲ್ಲಿ ತನ್ನವರೇ ಇದ್ದರೆ ಬೀಸುವಂತೆಯೇ ಇಲ್ಲ. ಸಾಲುಗಟ್ಟಿ ನಿಲ್ಲುವ ಸೈನ್ಯಕ್ಕೆ ಇಂಥ ಆಯುಧ ಒಗ್ಗುವುದಿಲ್ಲ.

ಶಾಸ್ತ್ರಗ್ರಂಥಗಳಲ್ಲಿ ಬಳಕುವ ಆಯುಧಕ್ಕೆ ಗೌರವದ ಜಾಗವಿದೆ. ಅಗ್ನಿಪುರಾಣದ ಧನುರ್ವೇದ ಭಾಗ ಕವಣೆಯನ್ನು ಬಿಲ್ಲಿನ ಜೊತೆಗೇ ಯಂತ್ರಮುಕ್ತ ವರ್ಗಕ್ಕೆ ಸೇರಿಸುತ್ತದೆ. ಪಾಶ ಹತ್ತು ಕೈ ಉದ್ದವಿರಬೇಕು, ಹತ್ತಿ, ಮುಂಜ, ನರ ಮುಂತಾದವುಗಳಿಂದ ಮಾಡಿರಬೇಕು ಎನ್ನುತ್ತದೆ. ವರುಣ, ಯಮ, ಗಣಪತಿಯರ ಕೈಯ ಪಾಶವನ್ನು ಶಿಲ್ಪಗಳಲ್ಲಿ ಎಲ್ಲರೂ ಕಂಡಿದ್ದಾರೆ.

ಈ ಸೀಮೆಯ ಸರಪಳಿ ತನ್ನ ಪೂರ್ಣ ತೇಜಸ್ಸಿನಲ್ಲಿ ಕಾಣುವುದು ಮೈಲಾರಲಿಂಗನ ಸನ್ನಿಧಿಯಲ್ಲಿ. ಮೂರು ತಾಲ್ಲೂಕುಗಳ ಕುರುಬರಿಗೂ ಇತರ ಒಕ್ಕಲುಗಳಿಗೂ ಎರಡು ದಿಕ್ಕಿನಲ್ಲಿ ಎರಡು ಮೈಲಾರಗಳಿವೆ. ಕೃಷ್ಣೆಯಾಚೆ ಯಾದಗಿರಿ ತಾಲ್ಲೂಕಿನ ಮೈಲಾಪುರ. ಅಲ್ಲಿ ಸಂಕ್ರಾಂತಿಗೆ ಜಾತ್ರೆ. ತುಂಗಭದ್ರೆಯಾಚೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರ. ಅಲ್ಲಿ ಭಾರತ ಹುಣ್ಣಿಮೆಯ ಹೊತ್ತಿಗೆ ಜಾತ್ರೆ, ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕ ಎಂಬ ಭವಿಷ್ಯವಾಣಿ. ಶಿವನು ಏಳು ಕೋಟಿ ಪಡೆಯೊಡನೆ ಮೈಲಾರನಾಗಿ ಬಂದು ಮಣಿಕಾಸುರ, ಮಲ್ಲಾಸುರರನ್ನು ಸಂಹರಿಸಿದ ಎಂಬುದು ಐತಿಹ್ಯ. ಆ ಪಡೆಯವರೇ ಗೊರವರು: ಕರಿಯ ಕಂಬಳಿಯ ನಿಲುವಂಗಿ, ಕರಡಿ ಕೂದಲಿನ ಟೊಪ್ಪಿಗೆ, ಡಮರು, ಪಿಳ್ಳಂಗೋವಿ, ತ್ರಿಶೂಲ, ಹೆಗಲಲ್ಲಿ ಭಂಡಾರದ, ಅಂದರೆ ಅರಿಶಿನಪುಡಿಯ, ಚೀಲ. ಮೈಲಾರದಲ್ಲಿ ಕಾರಣಿಕದ ಬಳಿಕ ಕಂಚವೀರರೆಂಬ ಭಕ್ತರು ನಡೆಸುವ ಪವಾಡಗಳಲ್ಲಿ ಒಂದು ಸರಪಳಿ ಪವಾಡ. ಕಾಲಿನಲ್ಲಿ ಗೂಟ ಹಾಯಿಸಿಕೊಳ್ಳುವ ಭಗಣಿ ಗೂಟದ ಪವಾಡ ಇನ್ನೊಂದು. ಮೈಲಾಪುರದಲ್ಲಂತೂ ಸರಪಳಿ ಹರಿಯುವುದೇ ಜಾತ್ರೆಯ ಮುಖ್ಯ ಘಟ್ಟ. ಅಲ್ಲಿ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಪದ್ಧತಿಯನ್ನು ಜಿಲ್ಲಾಡಳಿತ ನಿಷೇಧಿಸಿದೆ. ಸರಪಳಿ ಹರಿಯುವುದು ಮುಂದುವರಿದಿದೆ. ಏಳುಕೋಟಿ ಘೋಷ ಮುಗಿಲು ಮುಟ್ಟುವ ಹೊತ್ತಿಗೆ ಸರಪಳಿ ಬಿಗಿಯಾಗುತ್ತದೆ, ಒಂದೇ ಜಗ್ಗಿಗೆ ಕೊಂಡಿ ಬಿಟ್ಟುಕೊಳ್ಳುತ್ತದೆ, ಸುತ್ತ ಭಂಡಾರದ ಹಳದಿ ಮೋಡವೇಳುತ್ತದೆ.

ಮಹಾರಾಷ್ಟ್ರದ ಖಂಡೋಬನ ಭಕ್ತರಾದ ವಾಘ್ಯಾಗಳಲ್ಲೂ ಸರಪಳಿ ಹರಿಯುವ ವಿಧಿಯಿದೆ. ಅಲ್ಲಿ ಸರಪಳಿಗೆ ಲಂಗರ್ ಎನ್ನುತ್ತಾರೆ. ಖಂಡೋಬ, ಆಂಧ್ರ-ತೆಲಂಗಾಣದ ಮಲ್ಲಣ್ಣ, ಕನ್ನಡದ ಮೈಲಾರ ಒಂದೇ ಆರಾಧನಾ ಪರಂಪರೆಯ ಮೂರು ಮುಖಗಳು ಎಂಬುದನ್ನು ಜರ್ಮನ್ ವಿದ್ವಾಂಸ ಗುಂಟರ್ ಸೊಂಥೈಮರ್ ದನಗಾಹಿ, ಕುರಿಗಾಹಿಗಳ ಅಲೆದಾಟದ ದಾರಿಗಳನ್ನು ಹಿಡಿದು ವಿವರವಾಗಿ ಶೋಧಿಸಿದರು. ಭಕ್ತರಿಗೆ ಸರಪಳಿ ಹರಿಯುವುದು ದೇವರ ಶಕ್ತಿ ಮೈಗೆ ಬಂದ ಗುರುತು. ಲೋಹದ ದೃಷ್ಟಿಯಿಂದ ನೋಡಿದರೆ ಇಲ್ಲಿ ಕೆಲಸ ಮಾಡುವುದು ಹಠಾತ್ ಜಗ್ಗು: ನಿಧಾನ ಎಳೆತವನ್ನು ತಡೆಯುವ ಬೆಸುಗೆ, ಪೂರ್ತಿ ದೇಹದ ತೂಕ ಒಮ್ಮೆಲೇ ಬಿದ್ದಾಗ ತನ್ನ ಅತಿ ದುರ್ಬಲ ಜಾಗದಲ್ಲಿ ಬಿರಿಯುತ್ತದೆ. ಎರಡು ವಿವರಣೆಗಳೂ ಒಂದೇ ಕ್ಷಣವನ್ನು ಕುರಿತವು. ಆ ಕ್ಷಣಕ್ಕೆ ದೇಹವನ್ನು ಸಿದ್ಧಪಡಿಸುವ ಉಪವಾಸ, ವ್ರತ, ವಂಶಪಾರಂಪರ್ಯದ ಕಲಿಕೆ ಯಾವ ವಿವರಣೆಯಿಂದಲೂ ಸಣ್ಣದಾಗುವುದಿಲ್ಲ.

ಪಾತ್ರಾಭಿನಯದ ಆಟಗಳಲ್ಲಿ

ಮೇಜಿನ ಸುತ್ತ ಕೂತು ದಾಳ ಉರುಳಿಸಿ ಆಡುವ ಕಲ್ಪನಾಲೋಕದ ಆಟಗಳು ಬಳಕುವ ಆಯುಧಕ್ಕೆ ಹೊಸ ಜನಪ್ರಿಯತೆ ತಂದವು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರಾಗನ್ಸ್ ಇವುಗಳ ಮೂಲ. ಆ ಆಟದ 2000ದ ಮೂರನೆಯ ಆವೃತ್ತಿಯಲ್ಲಿ ಮುಳ್ಳುಸರಪಳಿ ಅಪರೂಪದ ಆಯುಧಗಳ ಪಟ್ಟಿಯಲ್ಲಿದೆ. ವಿಶೇಷ ತರಬೇತಿ ಪಡೆದ ಪಾತ್ರ ಮಾತ್ರ ಅದನ್ನು ಸರಿಯಾಗಿ ಬಳಸಬಹುದು. ಎರಡೂ ಕೈ ಬೇಕು. ನಾಲ್ಕು ಮುಖದ ಎರಡು ದಾಳ ಉರುಳಿಸಿದಷ್ಟು ಪೆಟ್ಟು. 10 ಅಡಿ ದೂರದ ಎದುರಾಳಿಗೂ ಪಕ್ಕದಲ್ಲಿರುವವನಿಗೂ ಹೊಡೆಯಬಹುದು, ಕಾಲಿಗೆ ಸುತ್ತಿ ಬೀಳಿಸಬಹುದು, ಕೈಯ ಆಯುಧ ಕಸಿಯಬಹುದು. ಈ ಕೊನೆಯ ಗುಣಗಳಿಂದಲೇ ಆಟಗಾರರು ಅದನ್ನು ಬೆನ್ನುಹತ್ತಿದರು. 2014ರ ಐದನೆಯ ಆವೃತ್ತಿಯ ಆಟಗಾರರ ಕೈಪಿಡಿಯ ಆಯುಧಪಟ್ಟಿಯಲ್ಲಿ ಮುಳ್ಳುಸರಪಳಿ ಇಲ್ಲ.

ಅಂಥ ಆಯುಧ ಇತಿಹಾಸದಲ್ಲಿ ಇದ್ದುದಕ್ಕೆ ಆಧಾರವಿಲ್ಲ, ಇರುವುದೂ ಕಷ್ಟ; ಉದ್ದಕ್ಕೂ ಮುಳ್ಳಿರುವ ಸರಪಳಿಯನ್ನು ಕೈಯಲ್ಲಿ ಸುತ್ತಿ ಹಿಡಿದವನಿಗೇ ಮೊದಲ ಗಾಯ. ಆದರೂ ನಿಯಮ ರಚಿಸಿದವರು ಬಳಕುವ ಆಯುಧದ ತಿರುಳನ್ನು ಸರಿಯಾಗಿ ಹಿಡಿದಿದ್ದಾರೆ ಎನ್ನಬೇಕು: ಪೆಟ್ಟು ಮಧ್ಯಮ, ವಿಶೇಷತೆ ಇರುವುದು ಹತ್ತಿರ ಬರಗೊಡದಿರುವುದರಲ್ಲಿ. ಕವಣೆಗೆ ಮಾತ್ರ ಅನ್ಯಾಯವಾಗಿದೆ. ಐದನೆಯ ಆವೃತ್ತಿಯಲ್ಲಿ ಅದರ ಗರಿಷ್ಠ ದೂರ 120 ಅಡಿ, ಅಂದರೆ ಸುಮಾರು 37 ಮೀಟರ್. ಇದು ಜೋಳದ ಹೊಲ ಕಾಯುವ ಹುಡುಗರ ಅಳವಿಗಿಂತಲೂ ಕಡಿಮೆ. ಸರಪಳಿಯ ವಿಷಯದಲ್ಲಿ ಅದೇ ಕೈಪಿಡಿ ಬಲು ಉದಾರಿ: 20 ಮುಖದ ದಾಳದಲ್ಲಿ ಬಲದ ಅಂಕ ಸೇರಿಸಿ 20 ಮುಟ್ಟಿದರೆ ಸರಪಳಿ ಹರಿಯುತ್ತದೆ. ಲೆಕ್ಕ ಹಾಕಿದರೆ ಯಾವ ವಿಶೇಷ ಬಲವೂ ಇಲ್ಲದ ಸಾಮಾನ್ಯ ಪಾತ್ರವೂ 20 ಸಲಕ್ಕೆ ಒಂದು ಸಲ ಸರಪಳಿ ಹರಿದುಬಿಡುತ್ತದೆ. 8 ಮಿಲಿಮೀಟರ್ ದಪ್ಪದ ಉಕ್ಕಿನ ಸರಪಳಿ ಟನ್‌ಗಟ್ಟಲೆ ಭಾರ ತಡೆಯುವ ಲೋಕದಲ್ಲಿ ಇದು ತೀರ ಸಲೀಸು.

ಕನ್ನಡದಲ್ಲಿ ಇಂಥ ಆಟ ಕಟ್ಟುವವರಿಗೆ ಈ ಸೀಮೆಯಲ್ಲಿ ಬೇಕಾದಷ್ಟು ಸಾಮಗ್ರಿಯಿದೆ. ಗೊರವ ಪಾತ್ರಕ್ಕೆ ಸರಪಳಿ ಬೀಸುವ ಆಯುಧವಾಗುವ ಬದಲು ವ್ರತ ಹಿಡಿದು ಹರಿಯಬೇಕಾದ ಕಟ್ಟಾಗಬಹುದು. ವ್ರತದ ದಿನಗಳು ಕೂಡಿದಷ್ಟೂ ದಾಳಕ್ಕೆ ಅಂಕ ಸೇರಬಹುದು. ಚಾಟಿ ಹಿಡಿದ ಪಾತ್ರ ತಾನು ಉಣ್ಣುವ ಪ್ರತಿ ಏಟಿಗೂ ಜೊತೆಗಾರರ ಮೇಲಿನ ಒಂದು ಪಿಡುಗನ್ನು ಇಳಿಸಬಹುದು, ಅದಕ್ಕೆ ತನ್ನ ಜೀವಬಲದಿಂದಲೇ ಬೆಲೆ ತೆರಬಹುದು. ಕವಣಿಯವಳಿಗೆ ಅಟ್ಟದ ಮೇಲಿದ್ದಾಗ ದೂರ ದುಪ್ಪಟ್ಟಾಗಬೇಕು, ಹೆಂಟೆ ಬೀಸಿದರೆ ಯಾರೂ ಸಾಯದೆ ಹಿಂಡು ಚದುರಬೇಕು. ಮುಳ್ಳುಸರಪಳಿಗೆ ಕೊಟ್ಟ 10 ಅಡಿಯ ನಿಯಮವನ್ನು ನಿಕಿತಿನ್ ಕಂಡ ಆನೆಗೆ ಕೊಟ್ಟರೆ, ಸುಲ್ತಾನನ ಸುತ್ತ ಯಾವ ಪಾತ್ರವೂ ಅಂಕ ತೆರದೆ ಕಾಲಿಡಲಾಗದ ವೃತ್ತವೊಂದು ಫಲಕದ ಮೇಲೆ ಸಿದ್ಧವಾಗುತ್ತದೆ.